ಆಮ್‌ಸ್ಟೆಲ್ವೀನ್‌ನಿಂದ: ಸಣ್ಣ ತಂಡಗಳ ಲೆಕ್ಕ

ಆಮ್‌ಸ್ಟರ್‌ಡಾಮ್ ಪಕ್ಕದ ಆಮ್‌ಸ್ಟೆಲ್ವೀನ್‌ನ ಕಾಡಿನೊಳಗೆ ವಾಗನರ್ ಹಾಕಿ ಸ್ಟೇಡಿಯಂ ಇದೆ. ಅಲ್ಲೇ ಹತ್ತಿರ ವಿಆರ್‌ಎ ಕ್ರಿಕೆಟ್ ಮೈದಾನ. ಮೊದಲನೆಯದನ್ನು ಹಾಕಿಯಲ್ಲೇ ಬೆಳೆದ ಕೊಡಗಿನವರಿಗೆ ವಿವರಿಸಬೇಕಿಲ್ಲ. ಎರಡನೆಯದರ ಹೆಸರೆತ್ತಿದರೆ ಮಾತ್ರ 'ಅಲ್ಲೂ ಕ್ರಿಕೆಟ್ ಆಡ್ತಾರಾ?' ಅಂತ ಕೇಳುತ್ತಾರೆ.

ಆಡ್ತಾರೆ. 2022ರ ಜೂನ್ 17ರಂದು ಇಂಗ್ಲೆಂಡ್ ಇಲ್ಲಿ ನೆದರ್ಲೆಂಡ್ಸ್ ವಿರುದ್ಧ 4 ವಿಕೆಟ್‌ಗೆ 498 ರನ್ ಚಚ್ಚಿ ಏಕದಿನ ಪಂದ್ಯಗಳ ವಿಶ್ವದಾಖಲೆ ಮಾಡಿತು. 26 ಸಿಕ್ಸರ್. ಕಾಫಿ ತೋಟಕ್ಕೆ ಬಿದ್ದ ಚೆಂಡು ಹುಡುಕುವ ಹಾಗೆ ಡಚ್ಚರು ಬೇಲಿಯಾಚೆಯ ಪೊದೆಗಳಲ್ಲಿ ಬಗ್ಗಿ ಬಗ್ಗಿ ಹುಡುಕಿದರು. ಇಂಥ ತಂಡಕ್ಕೆ ವಿಶ್ವಕಪ್ ಯಾಕೆ ಅನ್ನುವವರಿಗೆ ಅದೇ ದೊಡ್ಡ ಸಾಕ್ಷಿಯಾಯಿತು. ಆದರೆ ಅದೇ ತಂಡ 2023ರ ಅಕ್ಟೋಬರ್ 17ರಂದು ಧರ್ಮಶಾಲಾದಲ್ಲಿ, 43 ಓವರ್‌ಗಿಳಿದ ವಿಶ್ವಕಪ್ ಪಂದ್ಯದಲ್ಲಿ ದಕ್ಷಿಣ ಆಫ್ರಿಕಾವನ್ನು 38 ರನ್‌ಗಳಿಂದ ಸೋಲಿಸಿತು.

ಈ ಎರಡು ಪಂದ್ಯಗಳನ್ನು ಜೋಡಿಸುವ ಕೊಂಡಿಯೇ ಸೂಪರ್ ಲೀಗ್, ಅಂದರೆ 2023ರ ವಿಶ್ವಕಪ್‌ಗೆ ನೇರ ಪ್ರವೇಶ ನಿರ್ಧರಿಸಿದ ಏಕದಿನ ಲೀಗ್. 13 ತಂಡ, ಪ್ರತಿ ತಂಡಕ್ಕೂ ಮೂರು ಪಂದ್ಯಗಳ ಎಂಟು ಸರಣಿ, ಒಟ್ಟು 24 ಪಂದ್ಯ. ನೆದರ್ಲೆಂಡ್ಸ್ ಕೊನೆಯ ಸ್ಥಾನ ಪಡೆಯಿತು, ನಿಜ. ಆದರೆ ಅಂಕ ಬೇಕೆಂದರೆ ದೊಡ್ಡ ತಂಡಗಳೂ ಇದರ ಜೊತೆ ಆಡಲೇಬೇಕಿತ್ತು. 498ರ ಪೆಟ್ಟು ತಿಂದ ಸರಣಿಯೂ ಅದರದೇ ಭಾಗ. ಒಂದೇ ಸುತ್ತು ನಡೆಸಿ ಆ ಲೀಗನ್ನು ಮುಚ್ಚಿದರು. ನಮ್ಮ ಮಟ್ಟಿಗೆ, ವಿಶ್ವಕಪ್‌ನಲ್ಲಿ ಎಷ್ಟು ತಂಡ ಎಂಬ ಜಗಳಕ್ಕಿಂತ ಇದು ದೊಡ್ಡ ಅನ್ಯಾಯ. ಮಧ್ಯದ ಮೂರು ವರ್ಷ ಪಂದ್ಯವೇ ಸಿಗದ ತಂಡ ನಾಲ್ಕನೇ ವರ್ಷ ಬಂದು ಏನು ಮಾಡೀತು?

ಇಲ್ಲಿನ ಕ್ಲಬ್ ಕ್ರಿಕೆಟ್ ಹೆಚ್ಚಾಗಿ ಕೃತಕ ಹಾಸಿನ ಪಿಚ್ ಮೇಲೆ. ನಿಜವಾದ ಹುಲ್ಲಿನ ಪಿಚ್ ಇರುವ ಮೈದಾನಗಳು ಬೆರಳೆಣಿಕೆಯಷ್ಟು. ಹಾಸಿನ ಮೇಲೆ ಚೆಂಡು ಒಂದೇ ಎತ್ತರಕ್ಕೆ ಪುಟಿಯುತ್ತದೆ. ಅದಕ್ಕೆ ಒಗ್ಗಿದ ಬ್ಯಾಟರ್ ಮಣ್ಣಿನ ಪಿಚ್‌ಗೆ ಇಳಿದಾಗ ಕೆಳಗುಳಿಯುವ ಚೆಂಡಿಗೆ ಎಲ್‌ಬಿ ಆಗುತ್ತಾನೆ, ತಿರುಗುವ ಚೆಂಡಿಗೆ ಸ್ಲಿಪ್‌ನಲ್ಲಿ ಸಿಕ್ಕಿಬೀಳುತ್ತಾನೆ. ಋತುವೂ ಬೇಸಿಗೆಗಷ್ಟೇ ಸೀಮಿತ. 2023ರ ವಿಶ್ವಕಪ್‌ಗೆ ಮೊದಲು ಡಚ್ಚರು ಬೆಂಗಳೂರಿನ ಆಲೂರಿನಲ್ಲಿ ಶಿಬಿರ ಹೂಡಿ, ನೆಟ್ ಬೌಲರ್ ಬೇಕೆಂದು ಜಾಹೀರಾತು ಹಾಕಿದ್ದು ಸುಮ್ಮನೆ ಅಲ್ಲ.

ಇನ್ನು ಏಕದಿನ ವಿಶ್ವಕಪ್‌ನ ತಂಡಗಳ ಸಂಖ್ಯೆ. 2007ರಲ್ಲಿ 16 ತಂಡ, ನಾಲ್ಕರ ಗುಂಪು, ಗುಂಪಿನಲ್ಲಿ ತಲಾ ಮೂರೇ ಪಂದ್ಯ. ಮಾರ್ಚ್ 17ರಂದು ಬಾಂಗ್ಲಾದೇಶ ಭಾರತವನ್ನೂ (ಆ ಪಂದ್ಯದಲ್ಲಿ ನಮ್ಮ ಕೊಡಗಿನ ರಾಬಿನ್ ಉತ್ತಪ್ಪ ಕೂಡ ಇದ್ದ), ಐರ್ಲೆಂಡ್ ಪಾಕಿಸ್ತಾನವನ್ನೂ ಸೋಲಿಸಿದವು. ಎರಡು ದೊಡ್ಡ ತಂಡಗಳು ಮೊದಲ ಸುತ್ತಿನಲ್ಲೇ ಮನೆಗೆ. ಮುಂದೆ 14 ತಂಡ, 2019ಕ್ಕೆ ಬರೀ 10. ಎಲ್ಲರೂ ಎಲ್ಲರೊಡನೆ ಆಡುವ ಪದ್ಧತಿ, ಅಂದರೆ ಭಾರತಕ್ಕೆ ಒಂಬತ್ತು ಪಂದ್ಯ ಗ್ಯಾರಂಟಿ. ಟಿವಿಯವರ ಎದೆಬಡಿತ ಸರಿಹೋಯಿತು.

ಕೊಡಗಿನಲ್ಲಿ ಒಕ್ಕಗಳು, ಅಂದರೆ ಒಂದೇ ಮನೆತನದವರು, ತಂಡ ಕಟ್ಟಿ ಆಡುವ ಕೊಡವ ಹಾಕಿ ಹಬ್ಬದ ಲೆಕ್ಕವೇ ಬೇರೆ. 1997ರಲ್ಲಿ ಕರಡದಲ್ಲಿ 60 ಒಕ್ಕಗಳಿಂದ ಶುರುವಾಗಿದ್ದು 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಒಕ್ಕ ನಡೆಸಿದ ಕಪ್‌ಗೆ 360 ಮುಟ್ಟಿತು. ನಾಕೌಟ್ ಆದ್ದರಿಂದ 360 ತಂಡಕ್ಕೆ 359 ಪಂದ್ಯ ಸಾಕು. ಇದನ್ನೇ ಕ್ರಿಕೆಟ್‌ಗೂ ತನ್ನಿ ಅನ್ನುವುದು ತಪ್ಪು. ಹಾಕಿ ಪಂದ್ಯ ಗಂಟೆಯೊಳಗೆ ಮುಗಿಯುತ್ತದೆ, ಸೋತ ಒಕ್ಕ ಊಟ ಮಾಡಿ ಮನೆಗೆ ಹೋಗುತ್ತದೆ. ಒಂದೇ ಏಕದಿನ ಪಂದ್ಯಕ್ಕೆ ನಮೀಬಿಯಾದ ವಿಂಡ್‌ಹೋಕ್‌ನಿಂದ ತಂಡ ಕರೆಸಲಾಗದು. ಐದರ ನಾಲ್ಕು ಗುಂಪು ಸರಿಯಾದ ಅಳತೆ: 20 ತಂಡ, 40 ಪಂದ್ಯ, ಪ್ರತಿಯೊಬ್ಬರಿಗೂ ನಾಲ್ಕು. 2024ರ ಟಿ20 ವಿಶ್ವಕಪ್ ಮಾಡಿದ್ದು ಇದನ್ನೇ.

ಅಲ್ಲಿ ಕೆಟ್ಟದ್ದು ಸಣ್ಣ ಅಕ್ಷರದ ನಿಯಮಗಳಲ್ಲಿ. ಗುಂಪು ಹಂತಕ್ಕೆ ಮೀಸಲು ದಿನವಿರಲಿಲ್ಲ. ಇಂಗ್ಲೆಂಡ್ ವಿರುದ್ಧ ಸ್ಕಾಟ್ಲೆಂಡ್ 10 ಓವರ್‌ಗೆ ವಿಕೆಟ್ ಕಳೆದುಕೊಳ್ಳದೆ 90 ಮಾಡಿದ್ದಾಗ ಮಳೆ ಬಂದು ಪಂದ್ಯ ರದ್ದಾಯಿತು. ಕೊನೆಗೆ ಇಬ್ಬರದೂ 5 ಅಂಕ. ಒಮಾನ್‌ನ 47ನ್ನು 19 ಎಸೆತಗಳಲ್ಲಿ ದಾಟಿದ್ದ ಇಂಗ್ಲೆಂಡ್ ರನ್‌ರೇಟ್‌ನಲ್ಲಿ ಮೇಲೆ ಹೋಯಿತು. ಮುಂದಿನ ಸುತ್ತಾದ ಸೂಪರ್ 8ರ ಜಾಗಗಳನ್ನೂ ಟೂರ್ನಿಗೆ ಮೊದಲೇ ಬರೆದಿಟ್ಟಿದ್ದರು: ಬಿ ಗುಂಪು ಗೆದ್ದ ಆಸ್ಟ್ರೇಲಿಯಾಕ್ಕೆ ಎರಡನೆಯ ಜಾಗ ಬಿ2, ಹಿಂದುಳಿದ ಇಂಗ್ಲೆಂಡ್‌ಗೆ ಮೊದಲ ಜಾಗ ಬಿ1. ಸಣ್ಣ ತಂಡ ಗುಂಪಿನಲ್ಲಿ ಮೊದಲಾದರೂ ಸಿಗುತ್ತಿದ್ದದ್ದು ಹೊರಬಿದ್ದ ದೊಡ್ಡ ತಂಡದ ಕುರ್ಚಿ ಮಾತ್ರ.

2019ರ ವಿಶ್ವಕಪ್‌ಗಾಗಿ ನಡೆದ 2018ರ ಅರ್ಹತಾ ಸುತ್ತಿನಲ್ಲಿ ಡಿಆರ್‌ಎಸ್ಸೇ (ಅಂಪೈರ್ ತೀರ್ಪನ್ನು ಕ್ಯಾಮೆರಾದಲ್ಲಿ ಮರುಪರಿಶೀಲಿಸುವ ವ್ಯವಸ್ಥೆ) ಇರಲಿಲ್ಲ. ಹರಾರೆಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಸ್ಕಾಟ್ಲೆಂಡ್‌ನ ಬ್ಯಾಟರ್ ಬೆರಿಂಗ್ಟನ್‌ಗೆ ಕೊಟ್ಟ ಎಲ್‌ಬಿಯಲ್ಲಿ ಚೆಂಡು ಲೆಗ್ ಸ್ಟಂಪ್ ತಪ್ಪಿಸುವಂತೆ ಕಂಡಿತು. ಕೇಳಲು ದಾರಿಯಿಲ್ಲ. ಮಳೆ ಬಂತು, ಮಳೆ ಬಂದಾಗ ಗುರಿ ನಿಗದಿ ಮಾಡುವ ಡಕ್ವರ್ತ್ ಲೂಯಿಸ್ ಲೆಕ್ಕದಲ್ಲಿ ಸ್ಕಾಟ್ಲೆಂಡ್ 5 ರನ್‌ಗಳಿಂದ ಸೋತು ವಿಶ್ವಕಪ್ ಕಳೆದುಕೊಂಡಿತು. ಕ್ಯಾಮೆರಾ ಖರ್ಚು ಉಳಿಸಬೇಕಾದ ಜಾಗ ಅದಲ್ಲ.

2027ಕ್ಕೆ ಏಕದಿನ ವಿಶ್ವಕಪ್ ಮತ್ತೆ 14 ತಂಡಕ್ಕೆ ಮರಳುತ್ತಿದೆ, ಏಳರ ಎರಡು ಗುಂಪು. ಆತಿಥೇಯರು ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ನಮೀಬಿಯಾ. ಮೊದಲ ಇಬ್ಬರಿಗೆ ನೇರ ಪ್ರವೇಶ. ನಮೀಬಿಯಾ ಮಾತ್ರ ತನ್ನ ಅಂಗಳದ ಟೂರ್ನಿಗೂ ಅರ್ಹತೆ ಗಳಿಸಿಯೇ ಬರಬೇಕು. ಕೊಡಗಿನಲ್ಲಿ ಕಪ್ ನಡೆಸುವ ಒಕ್ಕಕ್ಕೆ ಈ ನಿಯಮ ಓದಿ ಹೇಳಿ ನೋಡಿ.