ಪರಿಕಲ್ಪನಾ ನಕ್ಷೆ, ಮೂರನೇ ವಾರ: ಜಗಳವೆಲ್ಲ ಗೆರೆ ಮೇಲೆ

ತರಗತಿಯ ಮಕ್ಕಳಿಂದ ಪರಿಕಲ್ಪನಾ ನಕ್ಷೆ ಮಾಡಿಸ್ತಿದ್ದೇನೆ, ಅಂದರೆ ಪದಗಳನ್ನು ಡಬ್ಬಿಗಳಲ್ಲಿ ಬರೆದು ಅವುಗಳ ನಂಟನ್ನು ಗೆರೆ ಎಳೆದು ತೋರಿಸುವ ಚಿತ್ರ. ಮೊದಲ ಎರಡು ವಾರ ನೀರಲ್ಲಿ ಹೋಮ ಮಾಡಿದ ಹಾಗಾಯಿತು. ನಾಲ್ವರಿಗೆ ಒಂದು ಕಂಪ್ಯೂಟರ್ ಕೊಟ್ಟು 'ಸೇರಿ ಮಾಡಿ' ಅಂದಿದ್ದೆ. ಮೌಸ್ ಹಿಡಿದವನು ನಕ್ಷೆ ಮಾಡಿದ, ಮಿಕ್ಕವರು ಬಣ್ಣ ಆರಿಸಿದರು. ನಡುವೆ 'ಸಸ್ಯ', ಸುತ್ತ ಹತ್ತು ಡಬ್ಬಿ, ಗೆರೆಗಳ ಮೇಲೆ ಒಂದೇ ಒಂದು ಪದವಿಲ್ಲ. ನೋಡೋಕೆ ಚೆಂದ, ಅಷ್ಟೇ. 1972ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೊವಾಕ್ ಮತ್ತು ಜೊತೆಯವರು ಈ ವಿಧಾನ ಕಂಡುಕೊಂಡಿದ್ದೇ ಮಕ್ಕಳ ತಲೆಯಲ್ಲಿ ವಿಜ್ಞಾನ ಹೇಗೆ ಕೂತಿದೆ ಅಂತ ತಿಳಿಯೋಕೆ. ಡಬ್ಬಿ, ಗೆರೆ ಮೇಲಿನ ಪದ, ಮತ್ತೊಂದು ಡಬ್ಬಿ, ಮೂರನ್ನೂ ಸೇರಿಸಿ ಓದಿದರೆ ಒಂದು ವಾಕ್ಯ ಆಗಬೇಕು.

ಈ ವಾರ ಇಬ್ಬರಿಗೊಂದು ಕಂಪ್ಯೂಟರ್, ಎರಡು ಕಂಪ್ಯೂಟರಿಗೆ ಒಂದು ನಕ್ಷೆ. ಇಂಥ ನಕ್ಷೆ ಬರೆಯುವ ಸಿಮ್ಯಾಪ್‌ಟೂಲ್ಸ್ (CmapTools) ಅನ್ನೋ ತಂತ್ರಾಂಶದಲ್ಲಿ ಒಂದೇ ನಕ್ಷೆಯನ್ನು ಬೇರೆ ಬೇರೆ ಕಡೆಯಿಂದ ಒಟ್ಟಿಗೆ ತಿದ್ದಬಹುದು. ಪ್ರಶ್ನೆ: 'ಮರದ ತೂಕ ಎಲ್ಲಿಂದ ಬರುತ್ತದೆ?' ಪಕ್ಕದಲ್ಲಿ 14 ಪದ ಸುಮ್ನೆ ಪೇರಿಸಿಟ್ಟೆ, ಬೇಕಾದಾಗ ಒಳಗೆ ಎಳೆದುಕೊಳ್ಳಲಿ ಅಂತ. ಹತ್ತೇ ನಿಮಿಷದಲ್ಲಿ ಒಬ್ಬರದ್ದನ್ನು ಇನ್ನೊಬ್ಬರು ಅಳಿಸೋಕೆ ಶುರು ಮಾಡಿದರು, ಹಾಗಾಗಿ ಹೊಸ ನಿಯಮ: ಕೇಳದೆ ಯಾರ ಗೆರೆಯನ್ನೂ ಅಳಿಸುವಂತಿಲ್ಲ.

ಆಮೇಲೆ ಒಂದು ಗುಂಪಿನಲ್ಲಿ ಈ ಗೆರೆ ಬಂತು: 'ಮಣ್ಣು, ಕೊಡುತ್ತದೆ, ಆಹಾರ'. ಇದೇ ಮಕ್ಕಳು ಹೋದ ತಿಂಗಳ ಪರೀಕ್ಷೆಯಲ್ಲಿ ದ್ಯುತಿಸಂಶ್ಲೇಷಣೆಯ (ಎಲೆ ಬಿಸಿಲಿನಲ್ಲಿ ನೀರು ಮತ್ತು ಗಾಳಿಯ ಕಾರ್ಬನ್ ಡೈಆಕ್ಸೈಡ್‌ನಿಂದ ಆಹಾರ ಮಾಡುವ ಕ್ರಿಯೆ) ಸಮೀಕರಣ ತಪ್ಪಿಲ್ಲದೆ ಬರೆದಿದ್ದರು! ಆಚೆ ಜೋಡಿ ಕೇಳಿತು, 'ಹಾಗಾದ್ರೆ ಎಲೆಗೇನು ಕೆಲಸ?' ಈಚೆಯಿಂದ ಉತ್ತರ, 'ಎಲೆ ಅಡುಗೆ ಮಾಡುತ್ತೆ, ಸಾಮಾನು ಮಣ್ಣಿಂದ ಬರುತ್ತೆ.' ಬಾಯಿ ಮುಚ್ಚಿಕೊಂಡು ನಿಂತಿದ್ದೆ, ಕಷ್ಟಪಟ್ಟು.

ಜಗಳ ಮುಗಿಯುವ ಹಾಗೆ ಕಾಣಲಿಲ್ಲ, ಕೊನೆಗೆ 17ನೇ ಶತಮಾನದ ವಿಜ್ಞಾನಿ ವಾನ್ ಹೆಲ್ಮಾಂಟ್ ಕಥೆ ಹೇಳಿದೆ. ಕುಂಡದಲ್ಲಿ 5 ಪೌಂಡಿನ ವಿಲೋ ಗಿಡ ನೆಟ್ಟು 5 ವರ್ಷ ಬರೀ ನೀರು ಹಾಕಿದ. ಗಿಡ 169 ಪೌಂಡ್ (ಸುಮಾರು 77 ಕೆಜಿ) ಆಯಿತು, ಮಣ್ಣು ಕಳೆದುಕೊಂಡಿದ್ದು ಸುಮಾರು 2 ಔನ್ಸ್ (57 ಗ್ರಾಂ). ಒಂದು ನಿಮಿಷ ಯಾರೂ ಮಾತಾಡಲಿಲ್ಲ. 'ಆಹಾರ' ಹೋಗಿ 'ಖನಿಜ' ಬಂತು, ಬದಲಿಸಿ ಅಂತ ನಾನು ಹೇಳದೆಯೇ.

ಆದರೆ ತೂಕವೆಲ್ಲ ನೀರಿನದೇ ಅಂತ ವಾನ್ ಹೆಲ್ಮಾಂಟ್ ಅಂದುಕೊಂಡಿದ್ದನಲ್ಲ, ನಮ್ಮವರೂ ಅದೇ ಗುಂಡಿಗೆ ಬಿದ್ದರು: ಬಾಣಗಳೆಲ್ಲ 'ನೀರು' ಡಬ್ಬಿಯಿಂದಲೇ. 'ಕಾರ್ಬನ್ ಡೈಆಕ್ಸೈಡ್' ಇನ್ನೂ ಪಕ್ಕದ ಪಟ್ಟಿಯಲ್ಲೇ ಕೂತಿದೆ, ಯಾರೂ ಮುಟ್ಟಿಲ್ಲ. ಗಾಳಿಗೆ ತೂಕ ಇರುತ್ತಾ ಅಂತ ಒಬ್ಬಳು ಹೋಗುವಾಗ ಕೇಳಿದಳು. ಸೋಮವಾರ ಅಲ್ಲಿಂದಲೇ ಶುರು.