ತೋಪ್‌ಹಾನೆಯ ಖಾನಾವಳಿಯಲ್ಲಿ ಒಂದು ಮಧ್ಯಾಹ್ನ

ಟರ್ಕಿಗೆ ಹೊರಟಿದ್ದೇವೆ ಅಂದಾಗ ವಿಜಯಪುರದ ನಮ್ಮ ಓಣಿಯಲ್ಲಿ ಎಲ್ಲರದ್ದೂ ಒಂದೇ ಚಿಂತೆ. "ಅಲ್ಲಿ ಬರೀ ಮಾಂಸಾನ ತಿಂತಾರಂತ, ನೀವೇನ್ ಉಣ್ತೀರಿ?" ಅದಕ್ಕೇ ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡೇ ವಿಮಾನ ಹತ್ತಿದ್ದಳು. ಇಸ್ತಾಂಬುಲ್‌ನ ದೊಡ್ಡ ಬೀದಿಗಳಲ್ಲಿ ಎಲ್ಲಿ ನೋಡಿದರೂ ಕಬಾಬ್ ಅಂಗಡಿ. ಓಣಿಯವರು ಹೇಳಿದ್ದು ಖರೇನೇ ಅನ್ನಿಸಿತ್ತು.

ಅದೇ ಊರಿನ ತೋಪ್‌ಹಾನೆ ಎಂಬ ಬಡಾವಣೆಗೆ ಹೋದದ್ದು ಅಪ್ಪನ ಆಸೆಗೆ. 1453ರಲ್ಲಿ ಈ ನಗರ ಗೆದ್ದ ಒಟ್ಟೋಮನ್ ಸುಲ್ತಾನ ಎರಡನೇ ಮೆಹ್ಮೆತ್ ಕಾಲದಲ್ಲಿ ಅಲ್ಲಿ ತೋಪು ಎರಕ ಹೊಯ್ಯುವ ಕಾರ್ಖಾನೆ ಶುರುವಾಯಿತು. ನಮ್ಮೂರಿನ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದವನೂ ತುರ್ಕಿ ಮೂಲದವನೇ, ಮಹಮ್ಮದ್ ಬಿನ್ ಹುಸೇನ್ ರೂಮಿ. ಚಿಕ್ಕಂದಿನಿಂದ ಆ ತೋಪಿನ ನೆರಳಲ್ಲಿ ಆಡಿದ ಅಪ್ಪ, ಗುಮ್ಮಟಗಳ ಆ ಕಟ್ಟಡವನ್ನು ನೋಡಿದ್ದೇ ನೋಡಿದ್ದು. ಊಟದ ಹೊತ್ತು ಮೀರಿದರೂ ಕಾಲು ಕೀಳಲಿಲ್ಲ.

ಹಸಿದು ಹತ್ತಿರದ ಒಂದು ಸಣ್ಣ ಲೋಕಾಂತಾ ಹೊಕ್ಕೆವು. ಸುತ್ತಲಿನ ಅಂಗಡಿಯವರು, ಕೆಲಸಗಾರರು ಮಧ್ಯಾಹ್ನ ಉಣ್ಣುವ ಜಾಗ, ನಮ್ಮ ಖಾನಾವಳಿ ಇದ್ದ ಹಾಗೆ. ಮೆನು ಓದುವ ತಾಪತ್ರಯವೇ ಇಲ್ಲ. ಮಾಡಿಟ್ಟ ಅಡುಗೆಯೆಲ್ಲ ಗಾಜಿನ ಹಿಂದೆ ಸ್ಟೀಲ್ ಟ್ರೇಗಳಲ್ಲಿ ಕಾಣುತ್ತದೆ. ಬೆರಳು ತೋರಿಸಿದರೆ ಸಾಕು.

ನಾವು ಇಳಿದುಕೊಂಡಿದ್ದ ಹೋಟೆಲಿನ ಹುಡುಗ 'ಎತ್ಸಿಜ್' ಅಂತ ಕೇಳಿ ಅಂದಿದ್ದ, ಮಾಂಸ ಹಾಕಿಲ್ಲ ತಾನೆ ಅಂತ. ಬಿಳಿ ಕಾಳಿನ ಪಲ್ಯ ತೋರಿಸಿ ಕೇಳಿದೆ. ಅಡುಗೆಯವರು ಹುಬ್ಬು ಮೇಲೇರಿಸಿ, ನಾಲಿಗೆಯಿಂದ 'ಚ್' ಅಂದರು. ನಾನು ಅರ್ಥ ಹುಡುಕುವಷ್ಟರಲ್ಲಿ ಅವ್ವ, "ಬ್ಯಾಡ ಅನ್ನಾಕತ್ತಾರ, ಮುಂದಿಂದು ಕೇಳು" ಅಂದಳು. ಹೀಗೆ ಒಂದೊಂದೇ ಟ್ರೇ ದಾಟಿದೆವು. ನೋಡಿದರೆ ಮಾಂಸವಿಲ್ಲದ್ದೇ ಎಷ್ಟೊಂದು! ಆಲಿವ್ ಎಣ್ಣೆಯಲ್ಲಿ ಬೇಯಿಸಿ ಆರಿಸಿಟ್ಟ ತರಕಾರಿಗಳದ್ದೇ ಒಂದು ಸಾಲು. ಕೆಂಪು ಮಸೂರ ಬೇಳೆಯ ಸೂಪಿಗೂ ಅಡುಗೆಯವರು 'ಹೂಂ' ಎಂದು ತಲೆ ಆಡಿಸಿದರು. ಬೇರೆ ಕಡೆ ಇದಕ್ಕೆ ಎಲುಬಿನ ರಸ ಹಾಕುವುದೂ ಉಂಟು, ಕೇಳಿಯೇ ತಗೊಳ್ಳಬೇಕು.

ಸೂಪಿನ ಮೇಲೆ ಕೆಂಪು ಮೆಣಸಿನಪುಡಿ ಹಾಕಿ ಕಾಯಿಸಿದ ಬೆಣ್ಣೆ, ಪಕ್ಕಕ್ಕೆ ನಿಂಬೆ ಹೋಳು. ಅಪ್ಪ ಎರಡು ಬಟ್ಟಲು ಕುಡಿದರು. ಇಮಾಮ್ ಬಾಯಿಲ್ಡಿ ಅಂದರೆ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಟೊಮೆಟೊ ತುಂಬಿದ ಇಡೀ ಬದನೆಕಾಯಿ. ಚಮಚ ತಾಗಿಸಿದರೆ ಬಿಚ್ಚಿಕೊಳ್ಳುವಷ್ಟು ಮೆತ್ತಗೆ ಬೆಂದಿತ್ತು, ತಟ್ಟೆಯ ಅಂಚಿಗೆ ಎಣ್ಣೆ ಬಂಗಾರದ ಬಣ್ಣದಲ್ಲಿ ನಿಂತಿತ್ತು. ಎಣ್ಣೆಗಾಯಿ ಮಾಡುವುದರಲ್ಲಿ ಅವ್ವನ ಕೈ ಹಿಡಿಯುವವರಿಲ್ಲ. ಅವಳು ಸುಮ್ನೆ ಹೊಗಳುವವಳೂ ಅಲ್ಲ. "ಖಾರ ಇಲ್ಲ, ಆದ್ರ ಭಾಳ ಚಲೋ ಬೇಯಿಸ್ಯಾರ" ಅಂದಳು. ಆಮೇಲೆ ಹಿಂಡಿ ಡಬ್ಬಿ ತೆಗೆದು ಅಡುಗೆಯವರ ಮುಂದೆ ಹಿಡಿದಳು. ಅವರು ಬ್ರೆಡ್ಡಿಗೆ ಹಚ್ಚಿಕೊಂಡು ತಿಂದು, ಕಣ್ಣು ಒರೆಸಿಕೊಂಡು, ಇನ್ನೂ ಸ್ವಲ್ಪ ಕೇಳಿದರು!

ಬ್ರೆಡ್ಡು ಎಷ್ಟು ತಿಂದರೂ ತಂದಿಡುತ್ತಲೇ ಇದ್ದರು. ಕೊನೆಗೆ ಸಣ್ಣ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ ಬಂತು. ಅಪ್ಪ ಮೊಬೈಲಿನಲ್ಲಿ ನಮ್ಮ ತೋಪಿನ ಫೋಟೋ ತೋರಿಸಿದರು. ಬಾಯಲ್ಲಿ ಆನೆ ಕಚ್ಚಿದ ಸಿಂಹದ ಮುಖವನ್ನು ಪಕ್ಕದ ಮೇಜಿನವರೂ ಎದ್ದು ಬಂದು ನೋಡಿದರು. ಭಾಷೆ ಬಾರದಿದ್ದರೂ ಅಪ್ಪ ಅರ್ಧ ಗಂಟೆ ಕೈಸನ್ನೆಯಲ್ಲೇ ವಿವರಿಸಿದರು.

ಮರುದಿನ ಬೇರೆ ಕಡೆ ಸುತ್ತುವುದಿತ್ತು. "ಊಟಕ್ಕ ಮಾತ್ರ ಅಲ್ಲಿಗೇ ಹೋಗೂಣು" ಅಂತ ಅವ್ವ ಹಟ ಹಿಡಿದಳು. ಹೋದೆವು. ಬದನೆಕಾಯಿ ಖಾಲಿಯಾಗಿತ್ತು, ಮೊಸರು ಹಾಕಿದ ಪಾಲಕ್ ಪಲ್ಯ ಉಂಡೆವು. ಅದೂ ಚಲೋನೇ ಇತ್ತು.