ಮಹಾವ್ಯಾಧನ ಸೊಂಟದಲ್ಲಿ ಈಗ ಮೂರೇ ನಕ್ಷತ್ರ

ಶಾಲೆಗಳಿಗೆ ಒಯ್ಯಲು ನಾನು ಮಾಡುತ್ತಿರುವ ಸಂಚಾರಿ ತಾರಾಲಯದ ಗುಮ್ಮಟದಲ್ಲಿ ಕೊನೆಗೂ ಮಹಾವ್ಯಾಧನ (ಓರಿಯನ್ ನಕ್ಷತ್ರಪುಂಜ) ಸೊಂಟಪಟ್ಟಿಯಲ್ಲಿ ಮೂರೇ ನಕ್ಷತ್ರ ಕಾಣುತ್ತಿವೆ. ಇಷ್ಟು ದಿನ ಆರು ಇದ್ದವು. ಹಾಗಾಗಿ ಈ ಸಲದ ಬರಹ ಪೂರ್ತಿ ಆಕಾಶದ ಚಿತ್ರವನ್ನು ಗುಮ್ಮಟಕ್ಕೆ ಚಿಮ್ಮಿಸುವ ಕನ್ನಡಿಯ ಬಗ್ಗೆ. ಗುಮ್ಮಟ ಹೊಲಿಸಿದ್ದು, ಬ್ಲೋವರ್ ಕೂರಿಸಿದ್ದು, ಬಾಗಿಲಿನ ಝಿಪ್ಪಿನಲ್ಲಿ ಬೆಳಕು ಸೋರುತ್ತಿದ್ದದ್ದು, ಇವೆಲ್ಲ ನಿಮಗೂ ಗೊತ್ತಿರುವ ಕಥೆಯೇ. ಬಿಟ್ಟು ಮುಂದೆ ಹೋಗುತ್ತೇನೆ.

ಹೊಸಬರು ಓದುತ್ತಿದ್ದರೆ ಇಷ್ಟು ಸಾಕು. 5 ಮೀಟರ್ ವ್ಯಾಸದ ಗಾಳಿ ಗುಮ್ಮಟ, 1080ಪಿ ಡಿಎಲ್‌ಪಿ ಪ್ರೊಜೆಕ್ಟರ್, ಹಳೆ ಲ್ಯಾಪ್‌ಟಾಪ್, ಅದರಲ್ಲಿ ಆಕಾಶ ತೋರಿಸುವ ಸ್ಟೆಲೇರಿಯಂ ಎಂಬ ಸಾಫ್ಟ್‌ವೇರ್. ಫಿಶ್‌ಐ ಲೆನ್ಸ್ (ಚಿತ್ರವನ್ನು ಇಡೀ ಗುಮ್ಮಟಕ್ಕೆ ಹರಡುವ ಮಸೂರ) ಬೆಲೆ ಕೇಳಿದರೆ ತಲೆ ತಿರುಗುತ್ತದೆ, ಅದಕ್ಕೇ ಗೋಳ ಕನ್ನಡಿಯ ದಾರಿ ಹಿಡಿದೆ. ಆಸ್ಟ್ರೇಲಿಯಾದ ಸ್ವಿನ್‌ಬರ್ನ್ ವಿಶ್ವವಿದ್ಯಾಲಯದಲ್ಲಿದ್ದ ಪಾಲ್ ಬೋರ್ಕ್ ಈ ಉಪಾಯವನ್ನು ಬೆಳೆಸಿ, ಲೆಕ್ಕಗಳನ್ನೆಲ್ಲ ಎಲ್ಲರಿಗೂ ತೆರೆದಿಟ್ಟರು. ಗುಮ್ಮಟದ ಅಂಚಿನಲ್ಲಿ ಒಂದು ಉಬ್ಬು ಕನ್ನಡಿ. ಪ್ರೊಜೆಕ್ಟರ್ ಅದರ ಕಡೆ ಮುಖ ಮಾಡಿ ಕೂರುತ್ತದೆ. ಕನ್ನಡಿಯಿಂದ ಚಿಮ್ಮಿದ ಬೆಳಕು ಇಡೀ ಗುಮ್ಮಟ ತುಂಬುತ್ತದೆ. ಚಿತ್ರ ಸೊಟ್ಟ ಬರಬಾರದಲ್ವಾ, ಅದಕ್ಕೆ ಸ್ಟೆಲೇರಿಯಂ ಮೊದಲೇ ಉಲ್ಟಾ ಸೊಟ್ಟ ಮಾಡಿ ಕಳಿಸುತ್ತದೆ. ದೊಡ್ಡ ಅನುಕೂಲ ಅಂದರೆ ನಡುಮಧ್ಯದ ಜಾಗ ಖಾಲಿ. ಅಲ್ಲಿ ಮಕ್ಕಳು ಕೂರಬಹುದು, ಮಲಗಿಯೂ ನೋಡಬಹುದು.

ಬೆಂಗಳೂರಿನಲ್ಲಿ ಜವಾಹರಲಾಲ್ ನೆಹರು ತಾರಾಲಯ 1989ರಿಂದ ಇದೆ. ಮಂಗಳೂರಿನ ಪಿಲಿಕುಳದಲ್ಲಿ 2018ರಿಂದ ಇದೆ. ಎರಡೂ ಒಳ್ಳೆಯ ಜಾಗಗಳು. ಆದರೆ ಗದಗ ಸೀಮೆಯ ಹಳ್ಳಿ ಶಾಲೆಯೊಂದು ಅಲ್ಲಿಗೆ ಹೋಗಿಬರಬೇಕಾದರೆ ಬಸ್ಸು, ಊಟ, ರಾತ್ರಿ ವಸತಿ ಎಲ್ಲ ಸೇರಿ ದೊಡ್ಡ ಖರ್ಚು. ತಾರಾಲಯವೇ ಶಾಲೆಗೆ ಬರಲಿ ಅನ್ನೋದು ನನ್ನ ಆಸೆ. ಒಂದು ಕಾರಿನ ಡಿಕ್ಕಿಯಲ್ಲಿ ಹಿಡಿಸಬೇಕು, ಇಬ್ಬರು ಸೇರಿ ನಿಲ್ಲಿಸಬೇಕು.

ಈಗ ಕಾಟ ಕೊಟ್ಟ ವಿಷಯಕ್ಕೆ ಬರೋಣ.

ಗುಮ್ಮಟ ಉಬ್ಬಿ ನಿಂತು, ಮೊದಲ ಸಲ ಆಕಾಶ ಹಾಕಿದಾಗ ಎಲ್ಲರೂ 'ಓ' ಅಂದರು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಹುಡುಗಿ ಮಹಾವ್ಯಾಧನ ಕಡೆ ಬೆರಳು ಮಾಡಿ ಕೇಳಿದಳು: "ಅಂಕಲ್, ಬೇಟೆಗಾರ ಎರಡು ಬೆಲ್ಟ್ ಯಾಕೆ ಕಟ್ಟಿದ್ದಾನೆ?" ನೋಡಿದರೆ ಹೌದು. ಮೂರು ನಕ್ಷತ್ರದ ಪಕ್ಕದಲ್ಲಿ ಮಂಕಾದ ಇನ್ನೂ ಮೂರು. ಲುಬ್ಧಕನಿಗೂ (ಸಿರಿಯಸ್) ಒಬ್ಬ ತಮ್ಮ ಹುಟ್ಟಿದ್ದ. ಆರಿದ್ರಕ್ಕೂ (ಬೀಟಲ್‌ಜ್ಯೂಸ್) ಜೋಡಿ. ಕನ್ನಡದಲ್ಲಿ ಹಾಕಿದ್ದ ಹೆಸರುಗಳಂತೂ ಒಂದರ ಮೇಲೊಂದು ಬಿದ್ದು, ಒತ್ತಕ್ಷರ ಯಾವುದು, ಮೂಲ ಅಕ್ಷರ ಯಾವುದು ಗೊತ್ತಾಗುತ್ತಿರಲಿಲ್ಲ.

ಇದನ್ನು ಹಾಗೇ ಬಿಡಬಹುದಿತ್ತು. ಬಹಳ ಜನ ಬಿಡುತ್ತಾರೆ, 'ಮಕ್ಕಳಿಗೆ ಅಷ್ಟು ಸಾಕು' ಅನ್ನುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಗುಮ್ಮಟದೊಳಗೆ ನೋಡಿದ್ದನ್ನು ಮಗು ಅದೇ ರಾತ್ರಿ ಅಂಗಳದಲ್ಲಿ ಹುಡುಕುತ್ತದೆ. ಅಲ್ಲಿ ಬೇರೆ ಲೆಕ್ಕ ಸಿಕ್ಕರೆ, ನಾವು ಹೇಳಿದ ಉಳಿದದ್ದನ್ನು ಅದು ಯಾಕೆ ನಂಬಬೇಕು?

ಮೊದಲು ಅನುಮಾನ ಬರೋದು ಫೋಕಸ್ ಮೇಲೆ. ಆದರೆ ಫೋಕಸ್ ಕೆಟ್ಟರೆ ಚುಕ್ಕಿ ಹರಡುತ್ತದೆ, ಎರಡಾಗೋದಿಲ್ಲ. ಪ್ರೊಜೆಕ್ಟರನ್ನು ಸೀದಾ ಗೋಡೆಗೆ ತಿರುಗಿಸಿದರೆ ಒಂದೇ ಚುಕ್ಕಿ. ಸಾಫ್ಟ್‌ವೇರ್ ತಪ್ಪಾ? ಅದು ಚಿತ್ರವನ್ನು ಎಳೆದು ಬಗ್ಗಿಸುತ್ತದೆಯೇ ಹೊರತು ಒಂದು ಚುಕ್ಕಿಯನ್ನು ಮಂಕಾಗಿ ಇನ್ನೊಂದು ಸಲ ಬರೆಯೋದಿಲ್ಲ. ಸುಳಿವು ಸಿಕ್ಕಿದ್ದು ಸಮಯ ಓಡಿಸಿದಾಗ. ಪೂರ್ವ ದಿಕ್ಕನ್ನು ಕನ್ನಡಿಯ ಎದುರು ಇಟ್ಟುಕೊಂಡು ಮಹಾವ್ಯಾಧನನ್ನು ಹುಟ್ಟಿಸಿದೆ. ಹುಟ್ಟುವಾಗ ಬೆಲ್ಟಿನಲ್ಲಿ ಮೂರೇ ನಕ್ಷತ್ರ. ಮೇಲೇರುತ್ತಾ ಹೋದಂತೆ ಒಂದೊಂದೂ ಮೆಲ್ಲಗೆ ಸೀಳಿತು. ನೆತ್ತಿ ದಾಟಿ ಕನ್ನಡಿಯ ಹಿಂಬದಿಗೆ, ಅಂದರೆ ಪಶ್ಚಿಮಕ್ಕೆ ಇಳಿಯುವಾಗ ಅಂತರ ಇನ್ನೂ ಜಾಸ್ತಿಯಾಯಿತು. ಎದುರಿನ ಆಕಾಶ ಚೊಕ್ಕ, ಹಿಂದೆ ಹೋದಷ್ಟೂ ಜೋಡಿ. ಅಂದಮೇಲೆ ಇದು ಬೆಳಕು ಕನ್ನಡಿಗೆ ಎಷ್ಟು ಓರೆಯಾಗಿ ಬಡಿಯುತ್ತದೆ ಅನ್ನೋದರ ಲೆಕ್ಕ.

ಲೇಸರ್ ಪಾಯಿಂಟರ್ ತಂದು ಕನ್ನಡಿಗೆ ಓರೆಯಾಗಿ ಬಿಟ್ಟೆ. ಗೋಡೆಯ ಮೇಲೆ ಎರಡು ಚುಕ್ಕಿ: ಒಂದು ಕಣ್ಣು ಕುಕ್ಕುವಂಥದ್ದು, ಇನ್ನೊಂದು ಬಡವ. ಕೊನೆಗೆ ಪೆನ್ಸಿಲ್ ಪರೀಕ್ಷೆ. ಚೂಪು ಮಾಡಿದ ಪೆನ್ಸಿಲಿನ ತುದಿಯನ್ನು ಕನ್ನಡಿಗೆ ತಾಗಿಸಿ ಪಕ್ಕದಿಂದ ನೋಡಬೇಕು. ಬೆಳಕು ಚಿಮ್ಮಿಸುವ ಲೋಹದ ಲೇಪ ಮುಂಭಾಗದಲ್ಲಿದ್ದರೆ ತುದಿಯೂ ಅದರ ಪ್ರತಿಬಿಂಬವೂ ಮುಟ್ಟಿಕೊಳ್ಳುತ್ತವೆ. ಇಲ್ಲಿ ಎರಡರ ನಡುವೆ ಕಣ್ಣಿಗೆ ಹೊಡೆಯುವಷ್ಟು ಸಂದು. ಲೇಪ ಇರೋದು ಹಿಂಭಾಗದಲ್ಲಿ!

ಕಾರಣ ಸರಳ. ಕನ್ನಡಿ 3 ಮಿಲಿಮೀಟರ್ ದಪ್ಪದ ಅಕ್ರಿಲಿಕ್. ಪ್ರೊಜೆಕ್ಟರಿನ ಬೆಳಕಿನಲ್ಲಿ ಸುಮಾರು ಶೇಕಡಾ 4 ಭಾಗ ಅಕ್ರಿಲಿಕ್ಕಿನ ಮುಂಭಾಗದಿಂದಲೇ ವಾಪಸ್ ಚಿಮ್ಮುತ್ತದೆ. ಉಳಿದದ್ದು ಒಳಗೆ ಹೋಗಿ, ಹಿಂದಿನ ಲೇಪಕ್ಕೆ ಬಡಿದು, ಸ್ವಲ್ಪ ಪಕ್ಕಕ್ಕೆ ಸರಿದು ಹೊರಬರುತ್ತದೆ. ನೇರವಾಗಿ ಬಡಿದರೆ ಎರಡೂ ಒಂದರ ಮೇಲೊಂದು ಕೂರುತ್ತವೆ. ಓರೆಯಾದಷ್ಟೂ ದೂರ ಸರಿಯುತ್ತವೆ. ಸಪಾಟು ಕನ್ನಡಿಯಾಗಿದ್ದರೆ ಈ ವ್ಯತ್ಯಾಸ ಒಂದೆರಡು ಮಿಲಿಮೀಟರಿನಲ್ಲೇ ಮುಗಿಯುತ್ತಿತ್ತು. ಉಬ್ಬು ಕನ್ನಡಿ ಅದನ್ನು ಹಿಗ್ಗಿಸಿ ಗುಮ್ಮಟದ ಮೇಲೆ ಸೆಂಟಿಮೀಟರುಗಟ್ಟಲೆ ಮಾಡುತ್ತದೆ. ನಕಲಿ ನಕ್ಷತ್ರ ಅಸಲಿಗಿಂತ ಸುಮಾರು 3 ಮ್ಯಾಗ್ನಿಟ್ಯೂಡ್ (ನಕ್ಷತ್ರದ ಹೊಳಪಿನ ಅಳತೆ) ಮಂಕು. ಹಾಗಾಗಿ ಮಂದ ನಕ್ಷತ್ರಗಳ ನಕಲು ಕಣ್ಣಿಗೆ ಬೀಳೋದಿಲ್ಲ. ಢಾಳಾದ ನಕ್ಷತ್ರಗಳಿಗೇ ಈ ಪೀಡೆ, ಮಕ್ಕಳು ಮೊದಲು ನೋಡೋದೂ ಅವನ್ನೇ.

ನಾನು ಕೇಳಿದ್ದು ಮುಂಭಾಗದ ಲೇಪದ ಕನ್ನಡಿ. ಬಿಲ್ಲಿನಲ್ಲೂ 'ಫಸ್ಟ್ ಸರ್ಫೇಸ್' ಅಂತಲೇ ಬರೆದಿದೆ. ಮಾರಿದವರಿಗೆ ಫೋನ್ ಮಾಡಿದರೆ "ಕನ್ನಡಿ ಪಳಪಳ ಅಂತಿದೆಯಲ್ಲಾ ಸರ್, ಇನ್ನೇನು ಬೇಕು?" ಅನ್ನುವ ಉತ್ತರ. ಪೆನ್ಸಿಲ್ ಪರೀಕ್ಷೆಯ ಫೋಟೋ ಕಳಿಸಿದೆ. ಅದು ಪೆನ್ಸಿಲ್ಲಿನ ದೋಷ ಎಂಬ ಧಾಟಿಯಲ್ಲಿ ಮಾತು ಬಂತು. ಆಮೇಲೆ ಫೋನೇ ಎತ್ತಲಿಲ್ಲ. ನಿಮಗೆ ಒಂದು ಮಾತು: ದುಡ್ಡು ಕಳಿಸುವ ಮುಂಚೆ ಪೆನ್ಸಿಲ್ ಇಟ್ಟು ವಿಡಿಯೋ ಮಾಡಿ ಕಳಿಸಲು ಹೇಳಿ. ಒಪ್ಪದಿದ್ದರೆ ಬಿಟ್ಟುಬಿಡಿ.

ಮಧ್ಯದಲ್ಲಿ ಸ್ಟೀಲನ್ನೂ ನೋಡಿದೆ. ಪಾತ್ರೆ ಅಂಗಡಿಯಲ್ಲಿ ಅರ್ಧಗೋಳದಂತಿರುವ ದೊಡ್ಡ ಬೋಗುಣಿಗಳು ಸಿಗುತ್ತವೆ, ಅಗ್ಗ, ಬಿದ್ದರೂ ಒಡೆಯೋದಿಲ್ಲ. ಲೋಹವೇ ಮುಂಭಾಗ, ನಕಲಿ ನಕ್ಷತ್ರದ ಮಾತೇ ಇಲ್ಲ. ಆದರೆ ಲೇತ್ ಮೇಲೆ ಪಾಲಿಶ್ ಮಾಡಿದ ಸಣ್ಣ ಸಣ್ಣ ಸುತ್ತುಗೆರೆಗಳು ಉಳಿದಿರುತ್ತವೆ. ಪ್ರತಿ ನಕ್ಷತ್ರವೂ ಒಂದು ಗೀಟಾಯಿತು. ಬೆಳಕೂ ಕಡಿಮೆ: ಸ್ಟೀಲ್ ಮೂರರಲ್ಲಿ ಸುಮಾರು ಎರಡು ಪಾಲು ಬೆಳಕು ವಾಪಸ್ ಕೊಟ್ಟರೆ ಅಲ್ಯೂಮಿನಿಯಂ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಕೊಡುತ್ತದೆ. ಕೈಯಿಂದ ಬಫ್ ಮಾಡಿ ಗೆರೆ ತೆಗೆದ ಪುಣ್ಯಾತ್ಮರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಟೆಲಿಸ್ಕೋಪ್ ಮಾಡುವವರಿಗೆ ಈ ದಾರಿ ಗೊತ್ತೇ ಇದೆ. ಗಾಜಿನ ಮುಂಭಾಗಕ್ಕೇ ನಿರ್ವಾತದಲ್ಲಿ ಅಲ್ಯೂಮಿನಿಯಂ ಲೇಪ ಕೊಡುತ್ತಾರೆ. ಕಾವಲೂರಿನ 2.34 ಮೀಟರಿನ ವೇಣು ಬಾಪು ದೂರದರ್ಶಕದ ಕನ್ನಡಿಗೂ ಇದೇ ಲೇಪ. ನನ್ನದು 60 ಸೆಂಟಿಮೀಟರಿನ ಪ್ಲಾಸ್ಟಿಕ್ ಅರ್ಧಗೋಳ. ಇದಕ್ಕೆ ಅಷ್ಟು ದೊಡ್ಡ ವ್ಯವಸ್ಥೆ ಬೇಕಿಲ್ಲ. ಬೈಕಿನ ಹೆಡ್‌ಲೈಟಿನ ರಿಫ್ಲೆಕ್ಟರು, ಬಹುಮಾನದ ಕಪ್ಪುಗಳಿಗೆಲ್ಲ ಹೊಳಪು ಕೊಡುವ ವ್ಯಾಕ್ಯೂಮ್ ಮೆಟಲೈಸಿಂಗ್ ಶೆಡ್ಡುಗಳು ಬೆಂಗಳೂರಿನ ಪೀಣ್ಯದಲ್ಲಿವೆ. ಕನ್ನಡಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ರೈಲು ಹತ್ತಿದೆ.

ಬಹಳ ಕಡೆ ಚೇಂಬರ್ ಚಿಕ್ಕದು, ಇಲ್ಲದಿದ್ದರೆ ಒಂದೇ ಒಂದು ಪೀಸಿಗೆ ಮೆಷಿನ್ ಹಾಕೋದಿಲ್ಲ ಅನ್ನುತ್ತಾರೆ. ಕೊನೆಗೆ ಒಬ್ಬ ಹಿರಿಯ ಆಪರೇಟರ್ ಸಿಕ್ಕರು. ಏನಕ್ಕೆ ಅಂತ ಕೇಳಿದರು. ಶಾಲೆ ಮಕ್ಕಳಿಗೆ ನಕ್ಷತ್ರ ತೋರಿಸಲಿಕ್ಕೆ ಅಂದೆ. "ಹಾಗಾದ್ರೆ ನಾಳೆ ಹೆಡ್‌ಲೈಟ್ ಲೋಡಿನ ಜೊತೆ ಹಾಕೋಣ ಬಿಡಿ" ಅಂದರು.

ಮೊದಲು ಒಂದು ಸಣ್ಣ ಅಕ್ರಿಲಿಕ್ ತುಂಡಿನ ಮೇಲೆ ಮಾಡಿಸಿದ್ದು ಒಳ್ಳೆಯದಾಯಿತು. ಅವರ ಪದ್ಧತಿಯಲ್ಲಿ ಕೆಳಗೊಂದು ಲ್ಯಾಕರ್ (ವಾರ್ನಿಶ್ಶಿನಂಥ ಪದರ), ನಡುವೆ ಅಲ್ಯೂಮಿನಿಯಂ, ಮೇಲೊಂದು ಲ್ಯಾಕರ್. ಹೆಡ್‌ಲೈಟಿಗೆ ಅದು ಸರಿ. ನಮಗೆ ಆಗೋದಿಲ್ಲ. ಲ್ಯಾಕರಿನ ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣಗೆ ತರಿತರಿಯಾಗಿ ಕೂರುತ್ತದೆ. ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿದರೆ ಅಂಚು ನಡುಗುತ್ತಿತ್ತು. "ಎರಡೂ ಲ್ಯಾಕರ್ ಬೇಡ, ಬರೀ ಅಲ್ಯೂಮಿನಿಯಂ ಹಾಕಿ" ಅಂದೆ. "ಕೈ ತಾಗಿದ್ರೆ ಹೋಗುತ್ತೆ ಸಾರ್, ಆಮೇಲೆ ನನ್ನ ಕೇಳಬಾರದು" ಅಂದರು. ಒಪ್ಪಿದೆ.

ಕೆಲಸ ನೋಡಲು ಚೆಂದ. ಅಲ್ಯೂಮಿನಿಯಂ ತಂತಿಯ ಚಿಕ್ಕ ಚಿಕ್ಕ ತುಂಡುಗಳನ್ನು ಕೊಕ್ಕೆಯಂತೆ ಬಗ್ಗಿಸಿ ಟಂಗ್‌ಸ್ಟನ್ ಸುರುಳಿಗಳಿಗೆ ನೇತುಹಾಕುತ್ತಾರೆ. ಬಾಗಿಲು ಮುಚ್ಚಿ ಪಂಪ್ ಹಾಕಿ, ಗಾಳಿಯೆಲ್ಲ ಹೋಗುವವರೆಗೆ ಕಾಯಬೇಕು. ಆಮೇಲೆ ಸುರುಳಿಗೆ ಕರೆಂಟ್ ಕೊಡುತ್ತಾರೆ. ನೋಡುಗಿಂಡಿಯಲ್ಲಿ ಕೆಂಪು, ಕಿತ್ತಳೆ, ಬಿಳಿ. ತಂತಿ ಕರಗಿ ಸುರುಳಿಗೆ ಅಂಟಿ, ಆವಿಯಾಗಿ ಹೊರಡುತ್ತದೆ. ಕ್ಷಣದಲ್ಲಿ ಆ ಗಿಂಡಿಯ ಗಾಜೂ ಕನ್ನಡಿಯಾಗತೊಡಗಿತು. ಲೇಪದ ದಪ್ಪ ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗದ ಆಸುಪಾಸು. ಹಿಂದಿನ ಹಳೆ ಲೇಪವನ್ನು ಕೆರೆಯುವ ಗೋಜಿಗೇ ಹೋಗಲಿಲ್ಲ. ಮುಂದಿನದು ಬೆಳಕನ್ನು ಒಳಗೇ ಬಿಡದಿದ್ದಮೇಲೆ ಹಿಂದೆ ಏನಿದ್ದರೇನು?

ಒಂದು ಎಚ್ಚರಿಕೆ. ಲೇಪಕ್ಕೆ ಮುಂಚೆ ಅಕ್ರಿಲಿಕ್ಕನ್ನು ಸ್ಪಿರಿಟ್, ಥಿನ್ನರಿನಲ್ಲಿ ಒರೆಸಬೇಡಿ. ಕೂದಲೆಳೆಯಂಥ ಬಿರುಕು ಬರುತ್ತವೆ. ಸೋಪಿನ ನೀರು, ಆಮೇಲೆ ಡಿಸ್ಟಿಲ್ಡ್ ವಾಟರ್, ಅಷ್ಟೇ. ಲೇಪದ ಮೇಲೆ ಪೆನ್ಸಿಲ್ ಪರೀಕ್ಷೆಯೂ ಬೇಡ, ಗೀರು ಬೀಳುತ್ತದೆ. ಕಾಗದದ ಚೂರಿನ ತುದಿ ಸಾಕು, ಅದೂ ಅಂಚಿನಲ್ಲಿ.

ಗುಮ್ಮಟದಲ್ಲಿ ಮತ್ತೆ ಕೂರಿಸಿದ ದಿನ ಪ್ರೊಜೆಕ್ಟರಿನ ಆಟೋ ಕೀಸ್ಟೋನ್ (ಚಿತ್ರದ ಸೊಟ್ಟವನ್ನು ತಾನಾಗಿ ತಿದ್ದುವ ಸೌಲಭ್ಯ) ಆಫ್ ಇದೆಯೇ ಅಂತ ನೋಡಿಕೊಂಡೆ. ಸ್ಟೆಲೇರಿಯಂ ಕಾನ್ಫಿಗ್ ಫೈಲಿನಲ್ಲಿ ಕನ್ನಡಿಯ ತ್ರಿಜ್ಯ, ಪ್ರೊಜೆಕ್ಟರಿನ ಜಾಗ ಎಲ್ಲ ಮತ್ತೆ ಅಳೆದು ತುಂಬಿದೆ. ಮಹಾವ್ಯಾಧನನ್ನು ನೆತ್ತಿಗೆ ತಂದೆ. ಮೂರು ನಕ್ಷತ್ರ. ಲುಬ್ಧಕ ಒಬ್ಬನೇ. ಹಿಂಬದಿಯ ಆಕಾಶದಲ್ಲೂ 'ಕೃತ್ತಿಕಾ' ಅನ್ನುವ ಹೆಸರಿನ ಒತ್ತಕ್ಷರ ಓದಲು ಬಂತು. ಖುಷಿಗೆ ಗುಮ್ಮಟದೊಳಗೆ ಕೂಗಿದೆ, ಪ್ರತಿಧ್ವನಿಯೂ ಚೆನ್ನಾಗಿ ಬಂತು!

ಕೃತ್ತಿಕೆಯ ಹೆಸರು ಓದಬಹುದು, ನಕ್ಷತ್ರ ಎಣಿಸಲು ಆಗೋದಿಲ್ಲ. 180 ಡಿಗ್ರಿ ಆಕಾಶವನ್ನು 1080 ಪಿಕ್ಸೆಲಿಗೆ ಹಂಚಿದರೆ ಒಂದು ಡಿಗ್ರಿಗೆ ಆರು. ಇಡೀ ಕೃತ್ತಿಕೆ ಒಂದು ಡಿಗ್ರಿಗಿಂತ ಸ್ವಲ್ಪವೇ ಜಾಸ್ತಿ. ಹುಣ್ಣಿಮೆ ಚಂದ್ರನಿಗೆ ಮೂರು ಪಿಕ್ಸೆಲ್. ಇದಕ್ಕೆ ಮದ್ದು 4ಕೆ ಪ್ರೊಜೆಕ್ಟರ್, ಸದ್ಯಕ್ಕೆ ಅಷ್ಟು ದುಡ್ಡಿಲ್ಲ. ಇನ್ನು ಫೋಕಸ್: ಎದುರು ಚೂಪು ಮಾಡಿದರೆ ನೆತ್ತಿ ಮಸುಕು, ನೆತ್ತಿ ಚೂಪು ಮಾಡಿದರೆ ಎದುರು ಮಸುಕು. ಕಪ್ಪು ರಟ್ಟಿಗೆ ದುಂಡಗೆ ತೂತು ಕೊರೆದು ಲೆನ್ಸಿನ ಮುಂದೆ ಇಟ್ಟರೆ ಎರಡೂ ಹತ್ತಿರ ಬರುತ್ತವೆ. ಬೆಳಕು ಕಡಿಮೆಯಾಗುತ್ತದೆ ನಿಜ, ಆದರೆ ಅದರಿಂದ ಬೂದು ಆಕಾಶ ಇನ್ನಷ್ಟು ಕಪ್ಪಾಗುತ್ತದೆ. ನನಗೆ ಅದು ಲಾಭವೇ.

ನೆತ್ತಿ ಚೊಕ್ಕ ಆಗಬೇಕು ಅಂತ ನಾನು ಇಷ್ಟು ಹಟ ಹಿಡಿಯಲು ಇನ್ನೊಂದು ಕಾರಣ ಮುಂದಿನ ಯೋಜನೆ: ಮಳೆ ನಕ್ಷತ್ರಗಳ ಪ್ರದರ್ಶನ. ನಮ್ಮ ಕಡೆ ನಕ್ಷತ್ರ ಅಂದರೆ ಮೊದಲು ನೆನಪಾಗೋದು ಮಳೆ. 'ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ' ಅನ್ನೋದು ಮಕ್ಕಳಿಗೂ ಗೊತ್ತು. ಆದರೆ ರೋಹಿಣಿ ಮಳೆಯ ಹೊತ್ತಿನಲ್ಲಿ ರೋಹಿಣಿ ನಕ್ಷತ್ರ ಕಾಣೋದೇ ಇಲ್ಲ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಅದೇ ಆ ಹದಿಮೂರು ಹದಿನಾಲ್ಕು ದಿನದ ಮಳೆಯ ಹೆಸರು. ಸೂರ್ಯನ ಬೆಳಕಿನಲ್ಲಿ ಆ ನಕ್ಷತ್ರ ಮುಳುಗಿಹೋಗಿರುತ್ತದೆ. ನಿಜವಾದ ಆಕಾಶದಲ್ಲಿ ತೋರಿಸಲು ಆಗದ್ದನ್ನು ಗುಮ್ಮಟ ತೋರಿಸುತ್ತದೆ. ಜೂನ್ 22, ಆರಿದ್ರ ಮಳೆ ಹುಟ್ಟುವ ಹೊತ್ತು, ಗದಗಿನ ನಡುಮಧ್ಯಾಹ್ನಕ್ಕೆ ಆಕಾಶ ನಿಲ್ಲಿಸಿ, ಸ್ಟೆಲೇರಿಯಂನಲ್ಲಿ ಎ ಕೀಲಿ ಒತ್ತಿ ವಾತಾವರಣ ತೆಗೆದುಬಿಡಿ. ನೆತ್ತಿಯಿಂದ ಉತ್ತರಕ್ಕೆ ಸುಮಾರು 8 ಡಿಗ್ರಿಯಲ್ಲಿ ಸೂರ್ಯ, ದಕ್ಷಿಣಕ್ಕೆ ಸುಮಾರು 8 ಡಿಗ್ರಿಯಲ್ಲಿ ಆರಿದ್ರ. ನಟ್ಟ ನಡುಹಗಲಿನಲ್ಲಿ ಎರಡೂ ಎದುರುಬದುರು! ಅಜ್ಜಂದಿರನ್ನೂ ಗುಮ್ಮಟದೊಳಗೆ ಕೂರಿಸಿ, ಒಂದೊಂದು ಮಳೆಯ ಗಾದೆಯನ್ನು ಅವರಿಂದಲೇ ಹೇಳಿಸಬೇಕು ಅಂತಿದ್ದೇನೆ. ಇದಕ್ಕಾಗಿ ಸ್ಟೆಲೇರಿಯಂನಲ್ಲಿ ನಮ್ಮದೇ ಒಂದು ಸ್ಕೈ ಕಲ್ಚರ್ (ಒಂದು ನಾಡಿನ ನಕ್ಷತ್ರಗಳ ಹೆಸರು, ಚಿತ್ರಗಳ) ಫೋಲ್ಡರ್ ಶುರು ಮಾಡಿದ್ದೇನೆ.

ಅದಕ್ಕೂ ಮುಂಚೆ ಕನ್ನಡಿಗೆ ಪ್ಲೈವುಡ್ ಪೆಟ್ಟಿಗೆ ಆಗಬೇಕು. ಹಿಂಬದಿಯ ನಾಲ್ಕು ಬೋಲ್ಟಿನ ಮೇಲೆ ತೂಗುವಂತೆ, ಮುಂಭಾಗಕ್ಕೆ ಬಟ್ಟೆ ಕೂಡ ತಾಗದಂತೆ ಮಾಡಿಸುತ್ತಿದ್ದೇನೆ. ಇನ್ನೊಂದು ತೊಂದರೆ ಬ್ಲೋವರಿನ ಸದ್ದು. ಅಜ್ಜಂದಿರ ದನಿ ಅದರ ಎದುರು ಕೇಳೋದಿಲ್ಲ. ಬ್ಲೋವರನ್ನು ದೂರ ಇಟ್ಟು ಬಟ್ಟೆ ಕೊಳವೆಯಲ್ಲಿ ಗಾಳಿ ತಂದರೆ ಗುಮ್ಮಟದ ಉಬ್ಬು ಉಳಿಯುತ್ತಾ? ಕೊಳವೆ ಎಷ್ಟು ಅಗಲ, ಎಷ್ಟು ಉದ್ದ ಇಟ್ಟಿದ್ದೀರಿ? ಮಾಡಿ ನೋಡಿದವರು ಅಳತೆ ಸಮೇತ ತಿಳಿಸಿ.